ಹಿನ್ನೀರಿನ ದಡದಲ್ಲಿ ಗೋಬಿ ಮಂಚೂರಿ



ಒಂದು ಸೀಮೆಯ ಚೆಲುವನ್ನು ಕಣ್ಣಿನಿಂದ ಮಾತ್ರ ನೋಡಿ, ನಾಲಿಗೆಯನ್ನು ಬೆಂಗಳೂರಿನಲ್ಲಿಯೇ ಬಿಟ್ಟು ಬರುವ ಪ್ರವಾಸವು ಅರ್ಧ ಪ್ರವಾಸವೆಂದು ನಾನು ನಂಬಿದ್ದೇನೆ. ಸಂಗತಿ ಅಷ್ಟೇ ಆಗಿದ್ದರೆ, ಅದು ಅವರವರ ಇಷ್ಟವೆಂದು ಸುಮ್ಮನಿರಬಹುದಿತ್ತು. ಆದರೆ ಬ್ಯಾಕೋಡಿನಂತಹ ಕಡೆ ಈ ಅರ್ಧ ಪ್ರವಾಸವು ತಾನು ನೋಡಬಂದ ಚೆಲುವಿನ ಬುಡಕ್ಕೇ ಕೊಡಲಿಯಿಡುತ್ತದೆ. ಆದ್ದರಿಂದಲೇ ಈ ಮಾತು.

ಮೊದಲೇ ಹೇಳಿಬಿಡುತ್ತೇನೆ, ನನ್ನ ಜಗಳ ಸೇತುವೆಯೊಂದಿಗಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ನೀರು ಹಿಂದಕ್ಕೆ ನಿಂತಿತು. ಗದ್ದೆ, ತೋಟ, ದೇವಸ್ಥಾನ, ಮನೆಯಂಗಳಗಳೆಲ್ಲ ಮುಳುಗಿದವು. ಕರೂರು ಮತ್ತು ಬಾರಂಗಿ ಹೋಬಳಿಗಳ ಜನ, ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ಘಟ್ಟ, ಇವುಗಳ ನಡುವೆ ಸಿಕ್ಕಿಕೊಂಡರು. ನಾಡಿಗೆಲ್ಲ ಬೆಳಕು ಕೊಟ್ಟವರಿಗೆ ಸಾಗರದ ಆಸ್ಪತ್ರೆಗೆ ಹೋಗಬೇಕಾದರೆ ಲಾಂಚೇ ಗತಿ. ಅದು ನಿಂತ ಮೇಲೆ ಕಾಡಿನ ಸುತ್ತುದಾರಿಯೇ ಗತಿ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸುಮಾರು ಎರಡೂವರೆ ಕಿಲೋಮೀಟರಿನ ಸೇತುವೆ ತೆರೆಯಿತು. ಅದು ಅರವತ್ತು ವರ್ಷ ತಡವಾಗಿ ಸಂದ ಋಣ.

ನನ್ನ ತಕರಾರು ಸೇತುವೆಯ ಮೇಲೆ ಬರುವ ಕಾರುಗಳಲ್ಲಿ ಕುಳಿತವರ ನಡವಳಿಕೆಯ ಬಗ್ಗೆ. ಅದಕ್ಕಿಂತ ಹೆಚ್ಚಾಗಿ ಅವರಿಗೆ ಬಡಿಸುವ ನಮ್ಮವರ ಬಗ್ಗೆ. ಸೇತುವೆಯ ಮೇಲೆ ನಿಂತು ಚಿತ್ರ ತೆಗೆಯುತ್ತಾರೆ, ಸಿಗಂದೂರಿಗೆ ಕೈಮುಗಿಯುತ್ತಾರೆ, ತುಮರಿ, ಬ್ಯಾಕೋಡುಗಳನ್ನು ಕಿಟಕಿಯಲ್ಲೇ ದಾಟಿ ಕೊಲ್ಲೂರಿನ ಕಡೆ ಹೊರಡುತ್ತಾರೆ. ನಡುವೆ ಹಸಿವಾದರೆ ಗೋಬಿ ಮಂಚೂರಿ, ನೂಡಲ್ಸು, ಪ್ಯಾಕೆಟ್ ಚಿಪ್ಸು. ಗೋಬಿಗೆ ಹಾಕುವ ಕೃತಕ ಬಣ್ಣವನ್ನು 2024ರ ಮಾರ್ಚಿನಲ್ಲಿ ಸರ್ಕಾರವೇ ನಿಷೇಧಿಸಬೇಕಾಯಿತು! ಮೈಲುಗಟ್ಟಲೆ ಹಸಿರನ್ನು ನೋಡಲು ಬಂದು, ಬಯಲುಸೀಮೆಯಿಂದ ಲಾರಿಯಲ್ಲಿ ಬಂದ ಹೂಕೋಸನ್ನು ತಿಂದು ಹೋಗುವುದಕ್ಕೆ ಏನೆನ್ನಬೇಕು?

ಈ ನೆಲದಲ್ಲಿ ತಿನ್ನಲು ಏನೂ ಇಲ್ಲವೇ? ಮಳೆಗಾಲದ ಮೊದಲ ವಾರಗಳಲ್ಲಿ ಕಳಲೆ. ಅದನ್ನು ಹೆಚ್ಚಿ, ದಿನವೂ ನೀರು ಬದಲಿಸಿ ನೆನೆಸಿದ ಮೇಲಷ್ಟೇ ಪಲ್ಯ. ಆಮೇಲೆ ಮರಗೆಸುವಿನ ಪತ್ರೊಡೆ, ಕೆಸುವಿನ ಕರಕಲಿ. ಹೊಳೆಯಿಂದ ಗದ್ದೆಗೆ ಏರಿಬರುವ ಹತ್ತುಮೀನಿನ ಸಾರು, ಅದಕ್ಕೆ ಅಕ್ಕಿರೊಟ್ಟಿ. ಆಶ್ವಯುಜದ ಭೂಮಿ ಹುಣ್ಣಿಮೆಗೆ ದೀವರ ಮನೆಗಳಲ್ಲಿ ಬಗೆಬಗೆಯ ಸೊಪ್ಪು ಬೇಯಿಸಿ ಹಚ್ಚಂಬಲಿ ಮಾಡುತ್ತಾರೆ. ಅದು ಮೊದಲು ಸಲ್ಲುವುದು ಬಸುರಿಯಾದ ಭೂಮಿತಾಯಿಗೆ. ಚಿತ್ತಾರದ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಒಯ್ಯುತ್ತಾರೆ. ಚಳಿ ಕಳೆಯುವ ಹೊತ್ತಿಗೆ ಆಲೆಮನೆ: ಕಬ್ಬಿನಹಾಲು, ನೊರೆಬೆಲ್ಲ, ಮಡಕೆಯ ಬೆನ್ನ ಮೇಲೆ ಕಾಗದದಷ್ಟು ತೆಳುವಾಗಿ ಹುಯ್ದು ಎಬ್ಬಿಸುವ ತೊಡೆದೇವು. ಬೇಸಿಗೆಯಲ್ಲಿ ಹಲಸಿನ ಹಪ್ಪಳ, ಮುರುಗಲ ಹಣ್ಣಿನ ಪಾನಕ, ಊಟದ ಕೊನೆಗೆ ಲೋಟದಲ್ಲಿ ಕುಡಿಯುವ ಅಪ್ಪೆಹುಳಿ. ವರ್ಷವಿಡೀ ತಂಬುಳಿ, ಅದಕ್ಕೆ ಒಂದೆಲಗವೂ ಆದೀತು, ಒಣಗಿಸಿಟ್ಟ ಕೊಡಸಿಗೆ ಹೂವೂ ಆದೀತು.

ಈ ಪಟ್ಟಿಯಲ್ಲಿ ಅಂಗಡಿಯಿಂದ ಬಂದದ್ದು ಎಷ್ಟು, ಕಾಡಿನಿಂದ, ಬೆಟ್ಟದಿಂದ, ಹೊಳೆಯಿಂದ ಬಂದದ್ದು ಎಷ್ಟು ಎಂದು ಎಣಿಸಿ ನೋಡಿ. ನೀವು ಕಾರಿನಿಂದ ಕಂಡ ಹಸಿರೂ ಈ ಊಟವೂ ಬೇರೆ ಬೇರೆಯಲ್ಲ. ಅಡಿಕೆ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಮುರುಗಲು, ಉಪ್ಪಾಗೆ, ಅಪ್ಪೆ ಮಾವು ಇಂದಿಗೂ ನಿಂತಿದ್ದರೆ, ಅದಕ್ಕೆ ಕಾರಣ ಅವುಗಳ ರುಚಿ ಬಲ್ಲವರು ಮನೆಯಲ್ಲಿ ಇನ್ನೂ ಇರುವುದು. ರುಚಿ ಮರೆತ ಮನೆಗೆ ಮರ ಬರಿಯ ಸೌದೆಯಾಗಿ ಕಾಣುತ್ತದೆ. ಹೊಳೆದಂಡೆಯ ಅಪ್ಪೆ ಮರಗಳು ಒಮ್ಮೆ ನೀರಿನಲ್ಲಿ ಮುಳುಗಿದವು. ಉಳಿದವು ಈಗ ನಮ್ಮ ಮರೆವಿನಲ್ಲಿ ಮುಳುಗುವ ಸರದಿ.

ಇದಕ್ಕೆ ಎರಡು ಆಕ್ಷೇಪಗಳನ್ನು ಕೇಳಿದ್ದೇನೆ. ಬಂದವರು ಕೇಳುವುದೇ ಗೋಬಿ, ಹೊಟ್ಟೆಪಾಡಿಗೆ ಅದನ್ನೇ ಮಾರುತ್ತೇವೆ ಎಂಬುದು ಮೊದಲನೆಯದು. ಹೊಟ್ಟೆಪಾಡನ್ನು ನಾನು ಹೀಗಳೆಯಲಾರೆ. ಆದರೆ ದಾವಣಗೆರೆಗೆ ಹೋದವರು ಬೆಣ್ಣೆದೋಸೆಯನ್ನೇ ಏಕೆ ಕೇಳುತ್ತಾರೆ? ಕೇರಳದ ಹಿನ್ನೀರಿಗೆ ಹೋದವರು ಕರಿಮೀನನ್ನೇ ಏಕೆ ಹುಡುಕುತ್ತಾರೆ? ಅಲ್ಲಿಯವರು ತಮ್ಮದನ್ನು ನಾಚದೆ ಮುಂದಿಟ್ಟರು. ನಾವೋ, ಹಿತ್ತಲ ಗಿಡ ಮದ್ದಲ್ಲವೆಂದು ತಂಬುಳಿಯನ್ನು ಒಳಮನೆಯಲ್ಲಿ ಮುಚ್ಚಿಟ್ಟು, ನೆಂಟರಿಗೂ ಪೇಟೆಯ ಬೇಕರಿಯಿಂದ ತರಿಸುತ್ತೇವೆ. ಇಲ್ಲದ್ದನ್ನು ಯಾರೂ ಕೇಳುವುದಿಲ್ಲ. ಎದುರಿಗೆ ಕಾಣದ್ದು ಇಲ್ಲವೆಂದೇ ಲೆಕ್ಕ.

ಎರಡನೆಯದು ತೂಕದ ಆಕ್ಷೇಪ. ಬೇಡಿಕೆ ಬಂದರೆ ಕಾಡೇ ಬರಿದಾಗುವುದಿಲ್ಲವೇ? ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ, ಬೆಲೆಯೂ ಏರಿದೆ; ಅದರ ಹಿಂದೆಯೇ ಕೊಂಬೆಯನ್ನೇ ಕಡಿದು ಕೆಡಹಿ ಮಿಡಿ ಕೀಳುವವರೂ ಬಂದಿದ್ದಾರೆ. ಇದು ನಿಜ. ಆದರೆ ಕೊಂಬೆ ಕಡಿಯುವವನು ಮರದ ಗುರುತಿಲ್ಲದ ವ್ಯಾಪಾರಕ್ಕೆ ಕಡಿಯುತ್ತಾನೆ. ತನ್ನ ಬೆಟ್ಟದ ಮಿಡಿಯನ್ನು ತನ್ನ ಅಂಗಳದಲ್ಲಿಯೇ ಮಾರುವ ಮನೆಯವರು ಮುಂದಿನ ವರ್ಷಕ್ಕೂ ಮರವನ್ನು ಉಳಿಸಿಕೊಳ್ಳುತ್ತಾರೆ. ಕಸಿ ಗಿಡವನ್ನೂ ನೆಡುತ್ತಾರೆ. ಆದ್ದರಿಂದ ಏನು ತಿನ್ನುತ್ತೀರಿ ಎಂಬುದರಷ್ಟೇ ಯಾರ ಕೈಯಿಂದ, ಯಾವ ಕಾಲದಲ್ಲಿ ತಿನ್ನುತ್ತೀರಿ ಎಂಬುದೂ ಮುಖ್ಯ. ಮಾಘದಲ್ಲಿ ಹಸಿ ಕಳಲೆ ಕೇಳಬೇಡಿ, ಶ್ರಾವಣದಲ್ಲಿ ನೊರೆಬೆಲ್ಲ ಕೇಳಬೇಡಿ.

ನಿಮ್ಮಲ್ಲಿ ಹಲವರು ಬೆಂಗಳೂರಿನಲ್ಲಿದ್ದೀರಿ, ಕೆಲವರು ವಿದೇಶದಲ್ಲಿದ್ದೀರಿ. ಗೆಳೆಯರ ಕಾರಿಗೆ ದಾರಿ ಹೇಳುವವರು ನೀವೇ. ಸೇತುವೆಯ ಗುರುತು ಹೇಳುವಾಗ ಒಂದು ಊಟದ ಮನೆಯ ಗುರುತನ್ನೂ ಹೇಳಿ. ಹಿಂದಿನ ದಿನವೇ ತಿಳಿಸಿ, ಉಂಡದ್ದಕ್ಕೆ ಚೌಕಾಶಿಯಿಲ್ಲದೆ ಹಣ ಕೊಡಿಸಿ. ಊರಿನಲ್ಲಿ ಹೋಟೆಲು ಇಟ್ಟಿರುವ ನನ್ನ ಶಿಷ್ಯರಿಗೆ ಕೇಳುವುದು ಇಷ್ಟೇ: ಗೋಬಿಯ ಬಾಣಲೆ ಬೇಕಾದರೆ ಇರಲಿ, ಅದರ ಪಕ್ಕದಲ್ಲಿ ಒಂದು ಪಾತ್ರೆ ಅಪ್ಪೆಹುಳಿಯನ್ನೂ ಇಡಿ. ಹಲಗೆಯ ಮೇಲೆ ಅದರ ಹೆಸರನ್ನು ಎಲ್ಲಕ್ಕಿಂತ ಮೊದಲು, ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆಯಿರಿ.