ಚಿತ್ರಕ್ಕೂ ಪಾಠಾಂತರವಿದೆ

ಹಳಗನ್ನಡ ಕಾವ್ಯದಲ್ಲಿ ಒಂದಕ್ಷರ ಅನುಮಾನ ಹುಟ್ಟಿಸಿದರೂ ಸಂಶೋಧಕರು ಹಸ್ತಪ್ರತಿ ಹುಡುಕುತ್ತಾರೆ. ಹಳೆಯ ಚಿತ್ರವನ್ನು ಮಾತ್ರ ಪ್ರಬಂಧದ ನಡುವೆ ಅಂಟಿಸಿ ಮುಂದೆ ಹೋಗುತ್ತಾರೆ. ನನ್ನ ತಕರಾರು ಈ ಸೋಮಾರಿತನದ ಬಗ್ಗೆ.

ಬಾಯ್ತೆರೆದ ಶಾರ್ಕ್ ತಲೆಯ ಆ ಪ್ರಸಿದ್ಧ ಚಿತ್ರವನ್ನೇ ನೋಡಿ. 1666ರಲ್ಲಿ ಇಟಲಿಯ ಲಿವೋರ್ನೊ ಬಳಿ ಸಿಕ್ಕ ದೈತ್ಯ ಶಾರ್ಕಿನ ತಲೆಯನ್ನು ನಿಕೋಲಸ್ ಸ್ಟೆನೊ ಫ್ಲಾರೆನ್ಸಿನಲ್ಲಿ ಕೊಯ್ದು ಪರೀಕ್ಷಿಸಿದ. ಬಂಡೆಗಳಲ್ಲಿ ಸಿಗುವ ‘ನಾಲಿಗೆಕಲ್ಲು’ಗಳು ಶಾರ್ಕಿನ ಹಲ್ಲುಗಳೇ ಎಂದು 1667ರಲ್ಲಿ ವಾದಿಸಿದ. ಆ ಬರಹದೊಡನೆ ಅಚ್ಚಾದ ಚಿತ್ರ ಇಂದು ಕಣ್ಣಾರೆ ಕಂಡು ಮಾಡುವ ವಿಜ್ಞಾನದ ಲಾಂಛನ.

ಆದರೆ ಅದು ಆ ಶಾರ್ಕಿನ ಚಿತ್ರವೇ ಅಲ್ಲ! 1593ರಲ್ಲೇ ತೀರಿಕೊಂಡಿದ್ದ ಮಿಕೆಲೆ ಮೆರ್ಕಾತಿಯ ಗ್ರಂಥಕ್ಕಾಗಿ ಕೊರೆದಿಟ್ಟ ತಾಮ್ರಫಲಕದ್ದು. ಆ ಗ್ರಂಥ ಅಚ್ಚಾದದ್ದು 1717ರಲ್ಲಿ. ಸ್ಟೆನೊ ಇದನ್ನು ಮುಚ್ಚಿಡಲಿಲ್ಲ, ಮರೆತವರು ಆಮೇಲಿನವರು.

ಇದರಿಂದ ಸ್ಟೆನೊನ ವಾದ ಬೀಳುವುದಿಲ್ಲ. ಅವನು ಹಲ್ಲು ಕಂಡದ್ದು ತಲೆಯಲ್ಲಿ, ಚಿತ್ರದಲ್ಲಲ್ಲ. ಬೀಳುವುದು ‘ಹಳೆಯ ಚಿತ್ರವೆಂದರೆ ಕಂಡದ್ದರ ಸಾಕ್ಷಿ’ ಎಂಬ ನಂಬಿಕೆ. ಯಾರು ಬರೆದರು, ಏನನ್ನು ನೋಡಿ, ಯಾವ ಪುಸ್ತಕಕ್ಕೆ? ಇಷ್ಟನ್ನೂ ಕೇಳದವರು ಚಿತ್ರವನ್ನು ಗೋಡೆಗೆ ತೂಗುಹಾಕಿಕೊಳ್ಳಲಿ, ಅಡ್ಡಿಯಿಲ್ಲ. ಪ್ರಬಂಧದಲ್ಲಿ ಸಾಕ್ಷಿಗೆ ನಿಲ್ಲಿಸುವುದು ಬೇಡ.