ಬ್ಯಾಡ್ಜ್ ಕೊಡದವರೇ ಬ್ಯಾಡ್ಜ್ ದಾಖಲೆ ಕೇಳುತ್ತಿರುವ ಬಗ್ಗೆ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಹಾಸನ ಜಿಲ್ಲೆ, ಹಾಸನ.

ಇವರಿಂದ,
ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಆಸ್ಪತ್ರೆ, ನರ್ಸಿಂಗ್ ಹೋಂ ಹಾಗೂ ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ಗುತ್ತಿಗೆ ಮತ್ತು ಹೊರಗುತ್ತಿಗೆಯ ಮೇಲೆ ದುಡಿಯುತ್ತಿರುವ ಎಕ್ಸ್‌ರೇ ಟೆಕ್ನಿಷಿಯನ್‌ಗಳು ಮತ್ತು ಡಾರ್ಕ್‌ರೂಮ್ ಸಹಾಯಕರು.

ವಿಷಯ: ವಿಕಿರಣಕ್ಕೆ ಒಡ್ಡಿಕೊಂಡು ಕಾಯಿಲೆ ಬಿದ್ದ ನೌಕರರಿಗೆ ಪರಿಹಾರದ ಅರ್ಹತೆ ನಿರ್ಧರಿಸುವ ಕುರಿತು.

ಉಲ್ಲೇಖ: ಇದೇ ವಿಷಯವಾಗಿ ನಾವು ಸಂಬಂಧಪಟ್ಟವರಿಗೆ ಸಲ್ಲಿಸಿದ ಹಿಂದಿನ ಮೂರು ಮನವಿಗಳು (ಲಗತ್ತು 1).

ಮಾನ್ಯರೇ,

ಇದು ನಮ್ಮ ನಾಲ್ಕನೇ ಪತ್ರ. ಮೊದಲನೆಯದಕ್ಕೆ ಸ್ವೀಕೃತಿಯ ಮೊಹರು ಸಿಕ್ಕಿತು. ಎರಡನೆಯದಕ್ಕೆ ಪರಿಶೀಲನೆಯಲ್ಲಿದೆ ಎಂಬ ಬಾಯಿಮಾತು ಸಿಕ್ಕಿತು. ಮೂರನೆಯದಕ್ಕೆ ಅದೂ ಇಲ್ಲ. ಅಷ್ಟರಲ್ಲಿ ನಮ್ಮ ಜೊತೆಗಾರನೊಬ್ಬ ತೀರಿಕೊಂಡ.

ಅವನು 19 ವರ್ಷ ಎಕ್ಸ್‌ರೇ ಕೋಣೆಯಲ್ಲಿ ದುಡಿದವನು. ಗುತ್ತಿಗೆ ಮುಂದುವರಿಸದ ಕಾರಣ ಮನೆಗೆ ಹೋದ. ಮೂರನೇ ವರ್ಷ ಹಲ್ಲುಜ್ಜುವಾಗ ವಸಡಿನಿಂದ ರಕ್ತ ನಿಲ್ಲಲಿಲ್ಲ. ಬೆಂಗಳೂರಿಗೆ ಕರೆದೊಯ್ದಾಗ ರಕ್ತದ ಕ್ಯಾನ್ಸರ್ ಎಂದರು. ಅವನ ಹೆಂಡತಿ ಪರಿಹಾರ ಕೇಳಿ ಹಾಕಿದ ಅರ್ಜಿ ಎರಡು ಕಾರಣಕ್ಕೆ ತಿರಸ್ಕೃತವಾಗಿದೆ (ಲಗತ್ತು 2). ಅವನು ಎಷ್ಟು ವಿಕಿರಣ ಪಡೆದನೆಂಬ ದಾಖಲೆ ಇಲ್ಲ ಎಂಬುದು ಒಂದು. ಕೆಲಸ ಬಿಟ್ಟು ಎರಡು ವರ್ಷ ಮೀರಿದ ಮೇಲೆ ಕಾಯಿಲೆ ಕಾಣಿಸಿದೆ ಎಂಬುದು ಇನ್ನೊಂದು.

ಮೊದಲನೇ ಕಾರಣವನ್ನು ಓದಿದಾಗ ನಮಗೆ ಬಂದ ಸಿಟ್ಟನ್ನು ಈ ಪತ್ರದಲ್ಲಿ ಆದಷ್ಟು ತಡೆದುಕೊಂಡಿದ್ದೇವೆ.

ನಿಯಮ ತಮಗೆ ತಿಳಿಯದ್ದಲ್ಲ. 2004ರ ಪರಮಾಣು ಶಕ್ತಿ (ವಿಕಿರಣ ಸಂರಕ್ಷಣೆ) ನಿಯಮಗಳ ಪ್ರಕಾರ ನೌಕರನ ವಿಕಿರಣ ಪ್ರಮಾಣದ ದಾಖಲೆ ಇಡಬೇಕಾದವನು ಮಾಲೀಕ. ಅದನ್ನು ವರ್ಷಕ್ಕೊಮ್ಮೆ, ಕೇಳಿದಾಗ, ಕೆಲಸ ಬಿಡುವಾಗ ನೌಕರನ ಕೈಗೆ ಕೊಡಬೇಕಾದವನೂ ಅವನೇ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಎಂದು ಮಿತಿ ಹಾಕಿದೆ. ಆ ಮಿತಿ ಮೀರಿತೇ ಇಲ್ಲವೇ ಎಂದು ತಿಳಿಸುವ ಸಾಧನ ನಮ್ಮ ಮಟ್ಟಿಗೆ ಒಂದೇ: ಎದೆಯ ಮೇಲೆ ಧರಿಸುವ ಟಿಎಲ್‌ಡಿ ಬ್ಯಾಡ್ಜ್. ಮೂರು ತಿಂಗಳಿಗೊಮ್ಮೆ ಅದು ಲ್ಯಾಬಿಗೆ ಹೋಗಿ ವರದಿ ಬರಬೇಕು. ನಮ್ಮಲ್ಲಿ ಬಹುಪಾಲು ಜನ ಅದನ್ನು ತರಬೇತಿಯ ಪುಸ್ತಕದಲ್ಲಷ್ಟೇ ನೋಡಿದ್ದಾರೆ. ತೀರಿಕೊಂಡವನಿಗೆ ಕೊನೆಯ ಎರಡು ವರ್ಷ ಬ್ಯಾಡ್ಜ್ ಬಂದಿತ್ತು, ನಿಜ. ಅದು ಕಚೇರಿಯ ಬೀರುವಿನಲ್ಲಿತ್ತು. ತಪಾಸಣೆಗೆ ಯಾರಾದರೂ ಬಂದ ದಿನ ಹೊರಗೆ ಬರುತ್ತಿತ್ತು, ಅವರು ಹೋದ ಮೇಲೆ ಮತ್ತೆ ಒಳಗೆ. ಹಾಗಾಗಿ ವರದಿಗಳಲ್ಲಿ ಪ್ರಮಾಣ ಸೊನ್ನೆ (ಲಗತ್ತು 3). ಬೀರುವಿಗೆ ವಿಕಿರಣ ತಾಗಿಲ್ಲ ಎಂಬುದಕ್ಕೆ ಆ ಕಾಗದ ಸಾಕ್ಷಿ. ಇವತ್ತು ಅದನ್ನೇ ಅವನ ಹೆಂಡತಿಯ ಮುಂದೆ ಹಿಡಿಯುತ್ತಿದ್ದಾರೆ.

ಅವನು ದುಡಿದ ಕೋಣೆಯ ಸೀಸದ ಏಪ್ರನ್ ಬಗ್ಗೆಯೂ ಹೇಳಲೇಬೇಕು. ಅದನ್ನು ಹ್ಯಾಂಗರಿಗೆ ನೇತುಹಾಕಬೇಕು, ಮಡಿಸಬಾರದು, ಮಡಿಸಿದರೆ ಒಳಗಿನ ಸೀಸದ ಹಾಳೆ ಬಿರುಕು ಬಿಡುತ್ತದೆ. ಹ್ಯಾಂಗರ್ ಇಲ್ಲದ್ದರಿಂದ ಅದು ವರ್ಷಗಟ್ಟಲೆ ಕುರ್ಚಿಯ ಮೇಲೆ ನಾಲ್ಕು ಮಡಿಕೆಯಾಗಿ ಬಿದ್ದಿತ್ತು. ಅನುಮಾನ ಬಂದು ನಾವು ಏಪ್ರನ್ನನ್ನೇ ಟೇಬಲ್ ಮೇಲೆ ಹರಡಿ ಎಕ್ಸ್‌ರೇ ತೆಗೆದೆವು. ಅಚ್ಚ ಬಿಳಿಯಾಗಿ ಕಾಣಬೇಕಾದ ಕಡೆ, ಸೊಂಟದ ಎತ್ತರದಲ್ಲಿ, ಈ ಅಂಚಿನಿಂದ ಆ ಅಂಚಿಗೆ ಕಪ್ಪು ಗೆರೆ. ಅದರ ಕೆಳಗೆ ಇನ್ನೊಂದು. ಆ ಫಿಲ್ಮಿನ ಪ್ರತಿ ಲಗತ್ತು 4. ಕೈ ಮುರಿದುಕೊಂಡ ಮಗು ಅಳುತ್ತಾ ಹೊರಳಾಡುವಾಗ, ತಾಯಿ ಗರ್ಭಿಣಿಯಾದರೆ ಹೊರಗೆ ಕಳಿಸಿ, ನಾವೇ ಈ ಏಪ್ರನ್ ಕಟ್ಟಿಕೊಂಡು ಮಗುವನ್ನು ಹಿಡಿದು ನಿಂತಿದ್ದೇವೆ. ಎಷ್ಟು ಸಲ ಎಂದು ಕೇಳಿದರೆ ಲೆಕ್ಕವಿಲ್ಲ.

2009ರ ನವೆಂಬರಿನಲ್ಲಿ ಕೈಗಾ ಅಣುಸ್ಥಾವರದಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರೀಷಿಯಂ ಸೇರಿ ಐವತ್ತಕ್ಕೂ ಹೆಚ್ಚು ಸಿಬ್ಬಂದಿ ಅದನ್ನು ಕುಡಿದದ್ದು ತಮಗೆ ನೆನಪಿರಬಹುದು. ಅದು ಬೆಳಕಿಗೆ ಬಂದದ್ದು ಅಲ್ಲಿ ಸಿಬ್ಬಂದಿಯ ಮೂತ್ರ ಪರೀಕ್ಷೆ ನಿಯಮಿತವಾಗಿ ನಡೆಯುತ್ತಿದ್ದುದರಿಂದ. ಪರೀಕ್ಷೆಯೇ ಮಾಡದ ಕಡೆ ಎಲ್ಲರೂ ಆರೋಗ್ಯವಂತರೇ. ನಮ್ಮ ಜೊತೆಗಾರನ ಕಾಯಿಲೆ ಎಕ್ಸ್‌ರೇಯಿಂದಲೇ ಬಂತೆಂದು ನಾವು ಆಣೆ ಮಾಡಿ ಹೇಳಲಾರೆವು. ಆದರೆ ಅದರಿಂದ ಬರಲಿಲ್ಲ ಎನ್ನುವ ಹಕ್ಕು ಬ್ಯಾಡ್ಜನ್ನು ಬೀರುವಿನಲ್ಲಿಟ್ಟವರಿಗೆ ಎಲ್ಲಿಂದ ಬಂತು?

ಇನ್ನು ಎರಡು ವರ್ಷದ ಮಾತು. 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ವಿಕಿರಣದಿಂದ ಬರುವ ಕಾಯಿಲೆಗಳ ಹೆಸರಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಔದ್ಯೋಗಿಕ ಕಾಯಿಲೆಗಳ ಪಟ್ಟಿಯನ್ನು ಉಳಿಸಿಕೊಂಡಿದೆ. ಆದರೆ ಕೆಲಸ ಬಿಟ್ಟ ಎರಡು ವರ್ಷದೊಳಗೆ ಲಕ್ಷಣ ಕಾಣಬೇಕೆಂಬ ಷರತ್ತು ಚರ್ಮದ ಕಾಯಿಲೆಗೆ ಸರಿಹೋದೀತು. ಗಡ್ಡೆ ಕಟ್ಟುವ ಕ್ಯಾನ್ಸರ್‌ಗಳು ತಲೆಯೆತ್ತಲು 10 ವರ್ಷಕ್ಕೂ ಹೆಚ್ಚು ಕಾಲ ಬೇಕೆಂಬುದು ಹಿರೋಷಿಮಾ, ನಾಗಸಾಕಿಯಲ್ಲಿ ಬದುಕುಳಿದವರ ಅಧ್ಯಯನದಿಂದ ಜಗತ್ತಿಗೇ ಗೊತ್ತಾಗಿದೆ. ಪರಮಾಣು ಹಾನಿಯ ನಾಗರಿಕ ಹೊಣೆಗಾರಿಕೆಗೆಂದು 2010ರಲ್ಲಿ ಮಾಡಿದ ಕಾಯ್ದೆ ದೇಹಕ್ಕಾದ ಹಾನಿಗೆ ಹಕ್ಕು ಕೇಳಲು 20 ವರ್ಷ ಕೊಟ್ಟಿತ್ತು. ಅಣುಸ್ಥಾವರದ ಪಕ್ಕದವರಿಗೆ 20, ಎಕ್ಸ್‌ರೇ ಯಂತ್ರದ ಪಕ್ಕದವರಿಗೆ 2. ಇದರ ಜೊತೆಗೆ ಕನಿಷ್ಠ ಆರು ತಿಂಗಳ ಎಡೆಬಿಡದ ಸೇವೆ ಬೇಕೆಂಬ ಷರತ್ತು ಬೇರೆ. ಟೆಂಡರ್ ಬದಲಾದಾಗಲೆಲ್ಲ ಏಜೆನ್ಸಿ ಹೊಸದು, ಅದೇ ಕೋಣೆಯ ಅದೇ ಟೆಕ್ನಿಷಿಯನ್ ಹೊಸ ನೌಕರ, ಸೇವೆ ಮತ್ತೆ ಒಂದನೇ ದಿನದಿಂದ ಎಣಿಕೆ. ಗುತ್ತಿಗೆದಾರನ ಆಳುಗಳಿಗೂ ಮೂಲ ಮಾಲೀಕನೇ ಹೊಣೆ ಎಂದು 1923ರ ಕಾಯ್ದೆಯ 12ನೇ ಕಲಮಿನಲ್ಲೇ ಇದ್ದುದನ್ನು ನಾವು ಯಾರಿಗೂ ಕಲಿಸಬೇಕಾಗಿಲ್ಲ.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ ಇದು. ಮಾಲೀಕ ಬ್ಯಾಡ್ಜ್ ಕೊಟ್ಟು ದಾಖಲೆ ಇಟ್ಟಿಲ್ಲದ ಅವಧಿಯಲ್ಲಿ ನೌಕರ ವಿಕಿರಣಕ್ಕೆ ಒಡ್ಡಿಕೊಂಡಿದ್ದನೆಂದೇ ಭಾವಿಸಿ ಅರ್ಹತೆ ನಿರ್ಧರಿಸಬೇಕು. ಲೆಕ್ಕ ಬೇಕೇ ಬೇಕೆಂದರೆ ಎಕ್ಸ್‌ರೇ ರಿಜಿಸ್ಟರುಗಳಿವೆ, ದಿನಕ್ಕೆ ಎಷ್ಟು ಫಿಲ್ಮ್ ಎಂದು ಅದರಲ್ಲಿ ಬರೆದಿದೆ, ತಜ್ಞರಿಂದ ಅಂದಾಜು ಮಾಡಿಸಬಹುದು (ಲಗತ್ತು 5: ನಾವು ಉಳಿಸಿಕೊಂಡ ರಿಜಿಸ್ಟರ್ ಪುಟಗಳ ನಕಲು). ಆ ರಿಜಿಸ್ಟರುಗಳು ರದ್ದಿಗೆ ಹೋಗುವ ಮುನ್ನ ವಶಕ್ಕೆ ಪಡೆಯಲು ತಾವು ಇಂದೇ ಆದೇಶಿಸಬೇಕು. ವಿಳಂಬವನ್ನು ಮನ್ನಿಸಲು ಕಾನೂನಿನಲ್ಲೇ ಅವಕಾಶವಿರುವುದರಿಂದ ಮೃತನ ಹೆಂಡತಿಯ ಅರ್ಜಿಯನ್ನು ಮರುಪರಿಶೀಲಿಸಲು ಶಿಫಾರಸು ಮಾಡಬೇಕು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ಸರ್ಕಾರ ಅಂಗವೈಕಲ್ಯದ ಪ್ರಮಾಣ ನೋಡಿ ಮಾಸಾಶನ ಕೊಡುತ್ತಿದೆ. ಗೇರು ತೋಟದ ಮಗ್ಗುಲಲ್ಲಿ ಹುಟ್ಟಿದ ಮಗುವಿಗೆ ಎಷ್ಟು ಹನಿ ಬಿತ್ತು ಎಂಬ ರಸೀತಿ ಯಾರ ಬಳಿಯೂ ಇರಲಿಲ್ಲ. ಅದೇ ಮನಸ್ಸು ನಮ್ಮ ವಿಷಯದಲ್ಲೂ ಇರಲಿ.

ಉಳಿದಂತೆ, ವಿಕಿರಣ ಭತ್ಯೆ, ಮೂರು ವರ್ಷಕ್ಕೊಮ್ಮೆ ಎಲ್ಲರಿಗೂ ರಕ್ತ ಪರೀಕ್ಷೆ, ಇವುಗಳನ್ನು ಒದಗಿಸಬೇಕು. ಚನ್ನರಾಯಪಟ್ಟಣದ ನಮ್ಮ ಸದಸ್ಯೆಯೊಬ್ಬರು ಐದು ತಿಂಗಳ ಗರ್ಭಿಣಿ. ಗರ್ಭದ ಮಗುವಿಗೆ 1 ಮಿಲಿಸೀವರ್ಟ್ ಮಿತಿ ಇರುವುದರಿಂದ ಹೆರಿಗೆಯವರೆಗೆ ಅವರನ್ನು ಸಂಬಳ ಕಡಿತವಿಲ್ಲದೆ ನೋಂದಣಿ ಕೌಂಟರಿಗೆ ಹಾಕಿಸಿಕೊಡಬೇಕು.

ಮೃತನ ಹೆಂಡತಿ ನಮ್ಮ ಜೊತೆ ಬಂದು ತಮ್ಮ ಕಚೇರಿಯ ಹೊರಗಿನ ಬೆಂಚಿನಲ್ಲಿ ಕೂತಿದ್ದಾರೆ. ಲಗತ್ತು 4ರ ಮೂಲ ಫಿಲ್ಮ್ ಅವರ ಚೀಲದಲ್ಲಿದೆ. ನಕಲಿನಲ್ಲಿ ಗೆರೆಗಳು ಸರಿಯಾಗಿ ಕಾಣುವುದಿಲ್ಲ. ದಯವಿಟ್ಟು ಅವರನ್ನು ಒಳಗೆ ಕರೆಸಿ, ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತಾವೇ ಒಮ್ಮೆ ನೋಡಬೇಕು.

ಇಂತಿ ತಮ್ಮ ವಿಶ್ವಾಸಿಗಳು,
ನಾಲ್ಕು ತಾಲ್ಲೂಕುಗಳ ಎಕ್ಸ್‌ರೇ ವಿಭಾಗದ ನೌಕರರು
(ಸಹಿಗಳು ಹಿಂಬದಿಯಲ್ಲಿವೆ)