ಅಡಿಕೆ ದುಡ್ಡಿನ ವಾಸನೆ

ಎಕ್ಕಂಬಿಯಲ್ಲಿ ಬಸ್ಸಿಳಿದು ಒಳಹಾದಿ ಹಿಡಿದರೆ ನನ್ನ ಭಾವನ ಮನೆ. ಎರಡೆಕರೆ ತೋಟ, ಒಂದಿಷ್ಟು ಗದ್ದೆ. ಬಡವನಲ್ಲ, ಸಾಹುಕಾರ ಎಂದರೆ ಅವನೇ ನಗುತ್ತಾನೆ. ಇಂಥ ನಡುವಿನವರು ಯಾರಿಗೂ ಬೇಡ, ಹಣದ ವ್ಯಾಪಾರಿಗಳಿಗೆ ಮಾತ್ರ ಬಹಳ ಬೇಕು. ಬಡವನಲ್ಲಿ ಕಸಿಯಲು ಏನೂ ಇಲ್ಲ. ಶ್ರೀಮಂತನ ಕಾಗದ ಓದಲು ಲೆಕ್ಕಪರಿಶೋಧಕನಿದ್ದಾನೆ. ಭಾವನ ಖಾತೆಯಲ್ಲಿ ನಾಲ್ಕು ಲಕ್ಷವಿತ್ತು, ಕೇಳಲು ಯಾರೂ ಇರಲಿಲ್ಲ.

2014ರಲ್ಲಿ ಕೆಂಪಡಿಕೆಯ ದರ ಏರಿತ್ತಲ್ಲ, ಆ ದುಡ್ಡಿನ ವಾಸನೆ ಪೇಟೆಗೆ ಮುಟ್ಟಿತು. 2016ರಲ್ಲಿ ಅವನ ಖಾತೆಯಿದ್ದ ಬ್ಯಾಂಕಿನಿಂದಲೇ ಟೈ ಕಟ್ಟಿದ ಹುಡುಗ ಬಂದ. ಅತ್ತಿಗೆ ಕೊಟ್ಟ ಕಷಾಯ ಕುಡಿದ, ತೋಟ ಹೊಗಳಿದ, 'ಎಫ್‌ಡಿಗಿಂತ ಮೇಲು' ಎಂದು ಒಂದು ಲಕ್ಷಕ್ಕೆ ಆರು ಕಡೆ ಸಹಿ ಹಾಕಿಸಿಕೊಂಡ. ಮರುವರ್ಷ ಎರಡನೇ ಕಂತಿಗೆ ಪತ್ರ ಬಂದಾಗಲೇ ತಿಳಿದದ್ದು: ಅದು ಠೇವಣಿಯಲ್ಲ, ಹತ್ತು ವರ್ಷ ಕಟ್ಟಬೇಕಾದ ವಿಮೆ. ಬೇಡವೆಂದು ಹಿಂತಿರುಗಿಸಲು ಇದ್ದದ್ದು ಹದಿನೈದು ದಿನ. ಕಾಗದ ನಾಗಂದಿಗೆಯ ಮೇಲಿತ್ತು. ಮೂರು ಕಂತು ತುಂಬದಿದ್ದರೆ ಮೊದಲ ಲಕ್ಷವೂ ಇಲ್ಲ.

"ಮಾಣಿ ಚೊಲೋ ಇದ್ದಿದ್ದ ಮಾರಾಯಾ, ಎಂತ ಕೇಳದು?" ಎಂದ ಭಾವ.

ಓದಿ ಸಹಿ ಹಾಕಬೇಕಿತ್ತು ಎನ್ನುವವರಿದ್ದಾರೆ. ಸರಿ ಸ್ವಾಮಿ, ಆ ಇಂಗ್ಲಿಷ್ ಪುಸ್ತಕವನ್ನು ಮಾರಿದ ಹುಡುಗನಾದರೂ ಓದಿದ್ದನೇ? ವಿಮೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸತ್ತರೆ ಮಾತ್ರ ಹಣ ಬರುವ ಅಗ್ಗದ ಅವಧಿ ವಿಮೆ ಭಾವನಿಗೆ ಬೇಕೇ ಇತ್ತು. ಅದರ ಸುದ್ದಿಯನ್ನೇ ಆತ ಎತ್ತಲಿಲ್ಲ. ಕಂತು ಸಣ್ಣದಾದರೆ ಕಮಿಷನ್ನೂ ಸಣ್ಣದು. ಠೇವಣಿ ಇಡಿಸಿಕೊಳ್ಳುವ ಕೈಯೇ ವಿಮೆ ಮಾರತೊಡಗಿದ ಮೇಲೆ, ಸಲಹೆ ಯಾವುದು, ವ್ಯಾಪಾರ ಯಾವುದು ಎಂದು ಹಳ್ಳಿಯವನು ಹೇಗೆ ಬೇರ್ಪಡಿಸಬೇಕು?

ಸಿರ್ಸಿಯಲ್ಲಿ ಇದೇ ಭಾವ ಬೇರೆಯೇ ಮನುಷ್ಯ. ಟೆಂಡರಿನಲ್ಲಿ ಬಂದ ದರ ಒಪ್ಪಿಗೆಯಾಗದಿದ್ದರೆ ಮಾಲು ಬಿಡುವುದಿಲ್ಲ. ದಲಾಲರ ಕೈಯಿಂದ ಪಾರಾಗಲು 1923ರಲ್ಲಿ ತೋಟಗಾರರು ಟಿಎಸ್‌ಎಸ್ ಕಟ್ಟಿಕೊಂಡರು. ಅಡಿಕೆ ಮಾರುವುದಕ್ಕೆ ಸಂಘವಿದೆ. ಅಡಿಕೆಯ ದುಡ್ಡು ಇಡುವಾಗ ಪಕ್ಕದಲ್ಲಿ ಕೂತು ಕಾಗದ ಓದಿ ಹೇಳುವವರು ಬೇಡವೇ? ಊರೂರಿನ ಸೊಸೈಟಿಗಳು ಈ ಕೆಲಸ ಮಾಡಲಿ. ಹಾಗೆಯೇ ತಮ್ಮ ಠೇವಣಿಯ ವಿಷಯವನ್ನೂ ಬಾಯಿಬಿಟ್ಟು ಹೇಳಲಿ: ಬ್ಯಾಂಕಿನ ಠೇವಣಿಗೆ 2020ರಿಂದ ಇರುವ ಐದು ಲಕ್ಷದ ವಿಮಾ ರಕ್ಷಣೆ ಹಳ್ಳಿಯ ಸೊಸೈಟಿಯ ಠೇವಣಿಗೆ ಇಲ್ಲ.

ಭಾವ ಹತ್ತನೆಯ ಕಂತನ್ನು 2025ರಲ್ಲಿ ಕಟ್ಟಿ ಮುಗಿಸಿದ. ಹಣ ಕೈಗೆ ಬರುವುದು 2031ಕ್ಕೆ. ಟೈ ಹುಡುಗ ವರ್ಗವಾಗಿ ಹೋಗಿ ಎಷ್ಟೋ ವರ್ಷವಾಯಿತು. ಅವನ ಜಾಗಕ್ಕೆ ಬಂದಾಕೆ ಮೊನ್ನೆ ಫೋನು ಮಾಡಿ, ಕಂತು ಹೇಗೂ ಮುಗಿಯಿತಲ್ಲ, ಇನ್ನೊಂದು ಒಳ್ಳೆಯ ಪ್ಲಾನಿದೆ, ಮನೆಗೇ ಬರಲೇ ಎಂದು ಕೇಳಿದಳಂತೆ.